ಎರಡು ಬೆರಳು ಮೇಲೆ

ಜೂನ್ 20, 2016, ಸೋಮವಾರ

ಬೆಳಿಗ್ಗೆ 152/96.

ದಿನಾ ಬಿ.ಪಿ. ನೋಡಿಕೊಂಡು ಒಂದು ಪುಸ್ತಕದಲ್ಲಿ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಮೂವತ್ತಾರನೇ ವಯಸ್ಸಿಗೆ ಇಷ್ಟಿರಬಾರದಂತೆ. ‘ಸಿಟ್ಟು ಜಾಸ್ತಿನಾ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಅಪ್ಪ, ‘ಹೆಸರು ಮಾತ್ರ ಸೌಜನ್ಯ ಡಾಕ್ಟ್ರೇ’ ಎಂದರು. ಇಬ್ಬರೂ ನಕ್ಕರು. ನನಗೆ ಅಲ್ಲೇ ಹತ್ತು ಏರಿರಬೇಕು.

ಎರಡು ಅಂಕಿಗಾಗಿ ಒಂದು ಹಾಳೆ ದಂಡ. ಉಳಿದ ಜಾಗದಲ್ಲಿ ಅಂಕಿ ಯಾಕೆ ಏರಿತು ಎಂಬುದನ್ನೂ ಬರೆಯುತ್ತೇನೆ. ಯಾರೂ ಓದುವ ಹಾಗಿಲ್ಲ, ಅಪ್ಪನಂತೂ ಮುಟ್ಟುವ ಹಾಗೇ ಇಲ್ಲ.

ಇವತ್ತಿನ ಕಾರಣ: ಹೆಬ್ಬಾಳದ ಫ್ಲೈಓವರ್. ಅಟ್ಟೂರಿನಿಂದ ಆಫೀಸಿಗೆ ಒಂದೂವರೆ ಗಂಟೆ. ತಡವಾಗಿ ಬಂದಿದ್ದಕ್ಕೆ ಬೈರಣ್ಣ ಸರ್ ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಹೇಳುತ್ತಿದ್ದೆ.

ಜೂನ್ 22, ಬುಧವಾರ

ಬೆಳಿಗ್ಗೆ 150/94. ಸಂಜೆ ನೋಡಲಿಲ್ಲ. ನೋಡಿದ್ದರೆ ಯಂತ್ರ ಒಡೆದುಹೋಗುತ್ತಿತ್ತು.

ಆಸ್ಪತ್ರೆಗಳ ಸ್ಕ್ಯಾನ್ ಯಂತ್ರ ಅಳೆದು ಪಾಸು ಮಾಡುವ ಆಫೀಸು ನಮ್ಮದು, ಕಾರು ಇದೆ. ಅದು ಬೈರಣ್ಣ ಸರ್ ಮಗಳನ್ನು ಸ್ಕೂಲಿಗೆ ಬಿಡುವ ಕಾರು. ಫ್ಯಾಂಟಮ್ ಎನ್ನುವ ಹದಿನಾಲ್ಕು ಕೆ.ಜಿ. ಪ್ಲಾಸ್ಟಿಕ್ ದುಂಡನ್ನು ಹೊತ್ತುಕೊಂಡು ನಾನು ಆಟೋ ಹಿಡಿಯಬೇಕು. ಆಟೋದವನು ಚೀಲ ನೋಡಿ, ‘ಏನ್ ಮೇಡಂ ಒಳಗೆ, ರುಬ್ಬೋ ಗುಂಡಾ?’ ಎಂದ.

‘ಮನುಷ್ಯನ ಹೊಟ್ಟೆ.’

ಆಮೇಲೆ ಆರ್.ಟಿ. ನಗರ ಬರುವವರೆಗೂ ಅವನು ಮಾತಾಡಲಿಲ್ಲ. ಸುಳ್ಳೇನೂ ಹೇಳಲಿಲ್ಲ ನಾನು. ಸಿ.ಟಿ. ಸ್ಕ್ಯಾನ್ ಯಂತ್ರ ರೋಗಿಯ ಹೊಟ್ಟೆಗೆ ಎಷ್ಟು ವಿಕಿರಣ ಕೊಡುತ್ತದೆ ಎಂದು ಅಳೆಯಲು ಈ ಪ್ಲಾಸ್ಟಿಕ್ ದುಂಡನ್ನೇ ಹೊಟ್ಟೆ ಎಂದುಕೊಂಡು ಹಾಸಿಗೆಯ ಮೇಲೆ ಮಲಗಿಸುತ್ತೇವೆ. ಅದರಲ್ಲಿ ಐದು ತೂತು. ನಡುವೆ ಒಂದು, ಗಡಿಯಾರದ ಹನ್ನೆರಡು, ಮೂರು, ಆರು, ಒಂಬತ್ತರ ಜಾಗದಲ್ಲಿ ಒಂದೊಂದು. ಅಳತೆಯ ಕಡ್ಡಿಯನ್ನು ಒಂದೊಂದಕ್ಕೂ ತೂರಿಸಿ ಓದಿಕೊಳ್ಳಬೇಕು.

ಒಂಬತ್ತಕ್ಕೆ ಬನ್ನಿ ಎಂದಿದ್ದ ಆರ್.ಟಿ. ನಗರದ ಆಸ್ಪತ್ರೆಯವರು ಯಂತ್ರ ಬಿಟ್ಟುಕೊಟ್ಟಿದ್ದು ಹನ್ನೆರಡೂವರೆಗೆ. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಗುರುಚರಣ್ ಬಾಗಿಲಲ್ಲೇ ನಿಂತು, ‘ಅರ್ಧ ಗಂಟೇಲಿ ಮುಗ್ಸಿಬಿಡಿ ಮೇಡಂ, ಹನ್ನೊಂದು ಜನ ಕಾಯ್ತಿದಾರೆ’ ಎಂದ. ಮೂರೂವರೆ ಗಂಟೆ ನಾನು ಕಾದಿದ್ದು ಅವನ ಲೆಕ್ಕಕ್ಕೇ ಇಲ್ಲ.

ಅಲ್ಲಿಯ ಟೆಕ್ನಿಷಿಯನ್ ಪಿಳ್ಳಪ್ಪ ಎಂಬ ಮುದುಕ. ಐವತ್ತೇಳೋ ಐವತ್ತೆಂಟೋ. ಓದಿ ಬಂದವನಲ್ಲ, ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ಫಿಲ್ಮು ತೊಳೆಯುತ್ತಿದ್ದವನು ಹಾಗೇ ಮೇಲೆ ಬಂದಿದ್ದಾನೆ. ನಾನು ದುಂಡನ್ನು ಹಾಸಿಗೆಯ ಮೇಲಿಟ್ಟು, ಯಂತ್ರದಿಂದ ಬೀಳುವ ಕೆಂಪು ಲೇಸರ್ ಗೆರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕೂಡಿಸಿದೆ. ಟ್ರೈನಿಂಗಿಗೆ ಬಂದವರಿಗೆಲ್ಲ ನಾನು ಮೊದಲು ಹೇಳಿಕೊಡುವುದೇ ಇದು: ಮೊದಲು ನಡು, ಆಮೇಲೆ ಮೀಟರು. ನಡು ತಪ್ಪಿದ ಮೇಲೆ ಮೀಟರು ಏನು ತೋರಿಸಿದರೂ ಅದು ಸುಳ್ಳು.

ಮೀಟರಿನ ವೈರು ಸಿಕ್ಕಿಸಲು ಆ ಕಡೆ ತಿರುಗಿ ಈ ಕಡೆ ತಿರುಗುವಷ್ಟರಲ್ಲಿ ಹಾಸಿಗೆ ಮೇಲೆದ್ದಿತ್ತು. ಪಿಳ್ಳಪ್ಪ ಗುಂಡಿ ಒತ್ತುತ್ತಿದ್ದ.

‘ಏನ್ರೀ ಮಾಡ್ತಿದೀರ?’

‘ಎಲ್ಡ್ ಬೆಳ್ಳು ಮೇಲೆತ್ತುದೆ ಮೇಡಂ. ಇಲ್ಲಿ ಇಂಗೇ ಇಡೋದು.’ ಎರಡು ಬೆರಳು ಜೋಡಿಸಿ ತೋರಿಸಿದ.

‘ಗೆರೆ ಕಾಣಿಸ್ತಿಲ್ವಾ ನಿಮಗೆ?’

‘ಕಾಣ್ತದೆ. ಆದ್ರೆ ಲೈಟು ಸುಳ್ ಏಳ್ತದೆ ಮೇಡಂ. ಒಂದ್ ಫೋಟೋ ತಗ್ದು ನೋಡಿ, ನಿಮ್ಗೇ ಗೊತ್ತಾಯ್ತದೆ.’

ಲೇಸರ್ ಸುಳ್ಳು ಹೇಳುತ್ತದಂತೆ! ಕುಣಿಯಲಾರದವನು ನೆಲ ಡೊಂಕು ಅಂದನಂತೆ. ಹದಿಮೂರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಬೆರಳಲ್ಲಿ ಅಳೆಯುವವನು ನನಗೆ ಪಾಠ ಹೇಳುತ್ತಾನೆ. ಚೆನ್ನಾಗಿ ಬೈದೆ. ರೋಗಿಗಳನ್ನೂ ಹೀಗೇ ಮಲಗಿಸುತ್ತೀರಾ ಎಂದು ಕೇಳಿದೆ. ಹೌದು ಎಂದ, ಸ್ವಲ್ಪವೂ ನಾಚಿಕೆಯಿಲ್ಲದೆ. ಅಷ್ಟರಲ್ಲಿ ಗುರುಚರಣ್ ಮತ್ತೆ ಬಾಗಿಲು ತಟ್ಟಿದ. ಹಾಸಿಗೆಯನ್ನು ಗೆರೆಗೆ ಇಳಿಸಿ ಅಳತೆ ಮುಗಿಸಿದೆ. ಮೇಲಿನ ತೂತಿನಲ್ಲಿ 14.2, ಕೆಳಗಿನದರಲ್ಲಿ 10.9. ಕೆಳಗೆ ಹಾಸಿಗೆಯ ಹಲಗೆ ಇದೆಯಲ್ಲ, ಅದು ಒಂದಿಷ್ಟು ವಿಕಿರಣ ನುಂಗುತ್ತದೆ. ಸರಾಸರಿ ಸರಿಯಾಗಿದೆ. ಪಾಸು.

ಜೂನ್ 23, ಗುರುವಾರ

148/95.

ಆರ್.ಟಿ. ನಗರದ ರಿಪೋರ್ಟು ಬರೆದು ಕಳಿಸಿದೆ. ಒಂದರಿಂದ ಇಪ್ಪತ್ತೆರಡರವರೆಗೆ ಟಿಕ್, ಟಿಕ್, ಟಿಕ್. ಏಳನೆಯದು ‘ಸ್ಥಾನವನ್ನು ಚಿತ್ರ ತೆಗೆದು ಪರಿಶೀಲಿಸಲಾಗಿದೆ’, ಅದಕ್ಕೂ ಟಿಕ್. ಷರಾ ಬರೆಯುವ ಜಾಗದಲ್ಲಿ ಆ ಪಿಳ್ಳಪ್ಪನ ಬೆರಳಿನ ವಿದ್ಯೆಯನ್ನು ಎರಡು ಸಾಲಿನಲ್ಲಿ ಬರೆದೆ. ಬರೆದ ಮೇಲೆ ಮನಸ್ಸು ಹಗುರವಾಯಿತು. ಇಂಥವರನ್ನು ಯಾರಾದರೂ ಒಬ್ಬರು ಹೇಳಿ ನಿಲ್ಲಿಸಬೇಕು.

ಜುಲೈ 4, ಸೋಮವಾರ

155/97.

ಊಟದ ಹೊತ್ತಿಗೆ ಸರಿಯಾಗಿ ಗುರುಚರಣ್ ಫೋನು. ‘ಥ್ಯಾಂಕ್ಸ್ ಮೇಡಂ, ನಿಮ್ ರಿಪೋರ್ಟಿಂದ ದೊಡ್ಡ ಉಪಕಾರ ಆಯ್ತು. ಆ ಪಿಳ್ಳಪ್ಪನ್ನ ತೆಗೀಬೇಕು ಅಂತ ಎರಡು ವರ್ಷದಿಂದ ನೋಡ್ತಿದ್ವಿ. ಇವತ್ತಿಂದ ಡಿಪ್ಲೊಮಾ ಮಾಡಿರೋ ಶಿಲ್ಪ ಅಂತ ಹುಡುಗಿ ಬಂದಿದಾಳೆ.’

ಉಪಕಾರ ಮಾಡಲು ನಾನು ಬರೆದದ್ದಲ್ಲ ಎಂದೆ. ನಕ್ಕ. ಅನ್ನ ಆರಿಹೋಯಿತು. ಯಾರನ್ನು ಇಟ್ಟುಕೊಳ್ಳುತ್ತಾರೋ ಯಾರನ್ನು ತೆಗೆಯುತ್ತಾರೋ, ನನಗೇನು ಸಂಬಂಧ? ನನ್ನ ಕೆಲಸ ಅಳೆಯುವುದು.

ಜುಲೈ 9, ಶನಿವಾರ

151/96.

ಆಫೀಸಿಗೆ ಪಿಳ್ಳಪ್ಪ ಬಂದಿದ್ದ. ಚಿಕ್ಕಜಾಲದಿಂದ ಬಸ್ಸು ಹತ್ತಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಮಡಿಸಿದ ನನ್ನ ರಿಪೋರ್ಟಿನ ಜೆರಾಕ್ಸು. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡು ನಾನೇ ಮೊದಲು ಎದ್ದು ನಿಂತೆ.

‘ಕೂತ್ಕಳಿ ಮೇಡಂ. ಇದ್ರಲ್ಲಿ ನನ್ ಬಗ್ಗೆ ಏನ್ ಬರ್ದಿದೀರಿ, ವಸಿ ಕನ್ನಡದಲ್ಲಿ ಓದಿ ಏಳಿ. ಗುರುಚರಣ್ ಸಾರು ಏಳಿದ್ದು ಒಂದು, ಊರಲ್ಲಿ ಓದ್ದೋರು ಏಳಿದ್ದು ಇನ್ನೊಂದು.’

ಓದಿ ಹೇಳಿದೆ. ಆಪರೇಟರು ಲೇಸರ್ ಗೆರೆಯನ್ನು ಕಡೆಗಣಿಸಿ ಅಂದಾಜಿನ ಮೇಲೆ ಹಾಸಿಗೆಯನ್ನು ಎತ್ತುತ್ತಾರೆ, ಇದು ಅಪಾಯಕಾರಿ ಅಭ್ಯಾಸ, ತರಬೇತಿ ಪಡೆದವರನ್ನು ನೇಮಿಸುವುದು ಒಳ್ಳೆಯದು. ಇಂಗ್ಲಿಷಿನಲ್ಲಿ ಎರಡೇ ಸಾಲಿತ್ತು. ಎದುರಿಗೆ ಕೂರಿಸಿಕೊಂಡು ಕನ್ನಡದಲ್ಲಿ ಹೇಳುವಾಗ ಯಾಕೋ ಉದ್ದವಾಯಿತು.

‘ಎತ್ತಿದ್ದು ನಿಜ’ ಎಂದ. ‘ಯಾಕ್ ಎತ್ತುದೆ ಅಂತ ಎಲ್ಲೈತೆ?’

‘ಅದನ್ನೆಲ್ಲ ಬರೆಯೋ ಜಾಗ ಅಲ್ಲ ಅದು.’

‘ಅಂದಾಜಲ್ಲ ಮೇಡಂ. ಮಾರ್ಚಲ್ಲಿ ಸರ್ವೀಸ್ನೋರು ಬಂದು ಮುಂದಿನ ಕವರ್ ಬಿಚ್ಚಿ ಆಕುದ್ರು. ಅವತ್ತಿಂದ ಲೈಟು ಕೆಳಿಕ್ ಬಿದ್ದೈತೆ. ಫೋಟೋ ನೋಡಿ ನೋಡಿ ಎಲ್ಡ್ ಬೆಳ್ಳು ಅಂತ ಕಂಡ್ಕೊಂಡೆ. ಗುರುಚರಣ್ ಸಾರ್ಗೆ ಮೂರ್ ಸಲ ಏಳಿದೀನಿ.’

‘ಬರೆದು ಕೊಡ್ಬೇಕಿತ್ತು.’

‘ನಾನ್ ಬರುದ್ರೆ ಕನ್ನಡದಲ್ಲಿ ಬರೀತೀನಿ. ಅಲ್ಲಿ ಯಾರ್ ಓದ್ತಾರೆ?’ ಜೆರಾಕ್ಸನ್ನು ಅದೇ ಮಡಿಕೆಗಳಲ್ಲಿ ಮತ್ತೆ ಮಡಿಸಿದ. ಎದ್ದವನು, ‘ನನ್ ಎಸ್ರೂ ಇಲ್ಲ ಇದ್ರಲ್ಲಿ. ಬೈಯೋವಾಗ್ಲಾದ್ರೂ ಎಸ್ರಿಡಿದು ಬೈಬೇಕಲ್ವಾ ಮೇಡಂ’ ಎಂದು ಹೋದ.

ಮೈಯೆಲ್ಲ ಉರಿದುಹೋಯಿತು. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಮೂರು ಸಲ ಹೇಳಿಸಿಕೊಂಡು ಸುಮ್ಮನಿದ್ದ ಗುರುಚರಣ್ ಮೇಲೆ ಸಿಟ್ಟು. ಪಿಳ್ಳಪ್ಪನನ್ನು ಒಳಗೆ ಬಿಟ್ಟ ರಿಸೆಪ್ಷನ್ ರಾಣಿಯ ಮೇಲೆ ಸಿಟ್ಟು. ಅವಳು ಪಾಪ ಟೀ ತಂದಿಟ್ಟಳು, ಅದಕ್ಕೂ ಬೈದೆ. ಲೇಸರ್ ಕೆಳಗೆ ಬಿದ್ದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?

ಜುಲೈ 11, ಸೋಮವಾರ

158/98. ಕಾರಣ ಇಲ್ಲ.

ಜುಲೈ 19, ಮಂಗಳವಾರ

154/97.

ಯಶವಂತಪುರದ ಆಸ್ಪತ್ರೆ. ಅಚ್ಚುಕಟ್ಟಾದ ಜಾಗ, ಬೈಯಲು ಏನೂ ಸಿಗಲಿಲ್ಲ. ದುಂಡು ಇಟ್ಟೆ, ಗೆರೆ ಕೂಡಿಸಿದೆ, ಚಿತ್ರವನ್ನೂ ತೆಗೆದೆ. ಮೇಲೆ 12.6, ಕೆಳಗೆ 12.0.

ಇಲ್ಲಿಯ ಹಾಸಿಗೆ ಯಾಕೆ ಅಷ್ಟು ಕಡಿಮೆ ನುಂಗಿತು? ಹೊಸ ಹಲಗೆ ಇರಬೇಕು. ಆರ್.ಟಿ. ನಗರದ್ದು ಹಳೆಯದು. ಆದರೆ ಎರಡೂ ಒಂದೇ ಕಂಪನಿಯ ಒಂದೇ ಮಾದರಿ. ಇರಲಿ. ಹಲಗೆಗಳಲ್ಲೂ ವ್ಯತ್ಯಾಸ ಇರುತ್ತದೆ.

ಇರುತ್ತದೆ.

ಜುಲೈ 24, ಭಾನುವಾರ

ಬೆಳಿಗ್ಗೆ 154/97. ಐದು ನಿಮಿಷದ ನಂತರ 141/89.

ಸೋಫಾದಲ್ಲಿ ಕೂತು ಬಿ.ಪಿ. ನೋಡಿಕೊಳ್ಳುತ್ತಿದ್ದೆ. ಅಪ್ಪ ಪೇಪರಿನಿಂದ ತಲೆಯೆತ್ತಿ, ‘ಕೈ ಎಲ್ಲಿದೆ ನೋಡ್ಕೊ’ ಎಂದರು. ಕೈ ಸೋಫಾದಿಂದ ಕೆಳಗೆ ಜೋತುಬಿದ್ದಿತ್ತು. ದಿನಾ ಹಾಗೇ ನೋಡಿಕೊಳ್ಳುವುದು.

‘ಎದೆ ಮಟ್ಟಕ್ಕೆ ಇರ್ಬೇಕು ಅಂತ ಡಬ್ಬಿ ಮೇಲೇ ಚಿತ್ರ ಹಾಕಿದಾರಲ್ಲೇ. ಕೆಳಗೆ ಬಿಟ್ರೆ ಜಾಸ್ತಿ ತೋರಿಸತ್ತೆ.’

‘ಒಂದು ತಿಂಗಳಿಂದ ನೋಡ್ತಿದೀರ, ಇವತ್ತು ಹೇಳ್ತೀರ?’

‘ಮೊದಲ್ನೇ ದಿನಾನೇ ಹೇಳ್ದೆ. ನನಗೆ ಗೊತ್ತು, ನೀವ್ ಸುಮ್ನಿರಿ ಅಂದೆ.’

ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಲೇತ್ ನಡೆಸಿದವರು, ನನಗೆ ಅಳತೆ ಹೇಳಿಕೊಡುತ್ತಾರೆ ಎಂದು ಎದ್ದು ಹೋಗಬೇಕೆಂದಿದ್ದೆ. ಆದರೂ ಕೈಯನ್ನು ಮೇಜಿನ ಮೇಲಿಟ್ಟು ಮತ್ತೆ ನೋಡಿದೆ. ಹದಿಮೂರು ಕಡಿಮೆ. ಯಂತ್ರ ಅದೇ, ಕೈ ಅದೇ, ರಕ್ತವೂ ಅದೇ.

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಆರ್.ಟಿ. ನಗರದ ಹಾಳೆ ತೆಗೆದೆ. 14.2. 10.9. ಸಿ.ಟಿ. ಯಂತ್ರದ ಕಿರಣ ನಡುವಿನಲ್ಲಿ ಜೋರು, ಅಂಚಿಗೆ ಹೋದಂತೆ ಸಣ್ಣ. ದುಂಡು ಕೆಳಗಿಳಿದಿದ್ದರೆ ಅದರ ನೆತ್ತಿ ನಡುವಿಗೆ ಹತ್ತಿರ ಬರುತ್ತದೆ. ನೆತ್ತಿಗೆ ಹೆಚ್ಚು, ತಳಕ್ಕೆ ಕಡಿಮೆ. ಎರಡನ್ನೂ ಕೂಡಿ ಭಾಗಿಸಿದರೆ ಸರಾಸರಿ ಮಾತ್ರ ಏನೂ ಅರಿಯದ ಹಾಗೆ ಕೂತಿರುತ್ತದೆ. ಹದಿಮೂರು ವರ್ಷದಿಂದ ನಾನು ಟ್ರೈನಿಂಗಿನ ಹುಡುಗಿಯರಿಗೆ ಹೇಳಿಕೊಡುವ ಪಾಠ ಇದು.

ಒಂದು ಚಿತ್ರ ತೆಗೆದಿದ್ದರೆ ಗೊತ್ತಾಗುತ್ತಿತ್ತು. ನಾನು ತೆಗೆದಿರಲಿಲ್ಲ. ತೆಗೆದೆ ಎಂದು ಟಿಕ್ ಹಾಕಿದೆ. ಒಂದು ಫೋಟೋ ತೆಗೆದು ನೋಡಿ ಎಂದು ಪಿಳ್ಳಪ್ಪ ಬಾಯಿಬಿಟ್ಟು ಹೇಳಿದ ಮೇಲೂ ತೆಗೆಯಲಿಲ್ಲ.

ಇದು ಇನ್ನೂ ಖಚಿತವಲ್ಲ. ಹಲಗೆಯೇ ಇರಬಹುದು.

ಜುಲೈ 25, ಸೋಮವಾರ

ಕೈ ಮೇಜಿನ ಮೇಲೆ: 149/93.

ಬಸ್ ಮುಷ್ಕರ. ಒಂದೂ ಬಸ್ಸಿಲ್ಲ. ಯಲಹಂಕದಲ್ಲಿ ಆಟೋದವರು ಹೆಬ್ಬಾಳಕ್ಕೆ ಬಾಯಿಗೆ ಬಂದಷ್ಟು ಕೇಳುತ್ತಿದ್ದಾರೆ. ಮನೆಯಲ್ಲಿ ಕೂತು ಸರ್ಕಾರಕ್ಕೆ, ಡ್ರೈವರುಗಳಿಗೆ, ಆಟೋದವರಿಗೆ ಬೈದೆ. ಅಪ್ಪ, ‘ಒಟ್ಟಿನಲ್ಲಿ ಯಾರನ್ನ ಬೈತಿದೀಯ?’ ಎಂದರು.

ಜುಲೈ 28, ಗುರುವಾರ

ನೋಡಿಕೊಳ್ಳಲಿಲ್ಲ.

ಗುರುಚರಣ್‌ನನ್ನು ಕೇಳಿದರೆ ಯಂತ್ರ ಕೊಡುವುದಿಲ್ಲ ಎಂದು ಗೊತ್ತಿತ್ತು. ಬೆಳಿಗ್ಗೆ ಏಳಕ್ಕೇ ದುಂಡು ಹೊತ್ತುಕೊಂಡು ಆರ್.ಟಿ. ನಗರಕ್ಕೆ ಹೋದೆ, ರೋಗಿಗಳು ಬರುವ ಮೊದಲು. ಶಿಲ್ಪ ಒಬ್ಬಳೇ ಇದ್ದಳು. ನನ್ನನ್ನು ನೋಡಿದ್ದೇ ಹೆದರಿ ಎದ್ದು ನಿಂತಳು.

‘ಮೇಡಂ, ನಾನು ಕೆಂಪು ಗೆರೆ ಬಿಟ್ಟು ಒಂದ್ ಚೂರೂ ಆಚೆ ಈಚೆ ಇಟ್ಟಿಲ್ಲ. ನಿಮ್ ರಿಪೋರ್ಟ್ ನೋಡ್ಕೊಂಡೇ ಮಾಡ್ತಿದೀನಿ.’

ನನ್ನ ಷರಾ ಇದ್ದ ಹಾಳೆಯನ್ನು ಗೋಡೆಗೆ ಅಂಟಿಸಿದ್ದರು. ಎರಡು ಸಾಲಿನ ಕೆಳಗೆ ಹಳದಿ ಬಣ್ಣ ಬಳಿದಿದ್ದರು.

‘ಚಿತ್ರ ಹೇಗೆ ಬರ್ತಿದೆ?’ ಎಂದು ಕೇಳಿದೆ.

ಅವಳ ಕಣ್ಣು ತುಂಬಿತು. ‘ಮಸುಕು ಮಸುಕು ಅಂತ ಡಾಕ್ಟ್ರು ದಿನಾ ಬೈತಾರೆ ಮೇಡಂ. ಪಿಳ್ಳಪ್ಪ ಇದ್ದಾಗ ಹೀಗಿರ್ಲಿಲ್ಲ ಅಂತಾರೆ. ಹದಿನಾರು ಜನಕ್ಕೆ ಎರಡ್ನೇ ಸಲ ತೆಗೆದೆ.’

ಹದಿನಾರು ಜನ, ಎರಡೆರಡು ಸಲ. ಉಳಿದವರಿಗೆ ಒಂದೇ ಸಲ, ಆದರೆ ನಡುವಿಗಿಂತ ಕೆಳಗೆ ಮಲಗಿಸಿ. ಎದೆಗೆ, ಗಂಟಲಿಗೆ ಬೇಕಾದ್ದಕ್ಕಿಂತ ಹೆಚ್ಚು ವಿಕಿರಣ.

ದುಂಡನ್ನು ಗೆರೆಗೆ ಕೂಡಿಸಿ ಚಿತ್ರ ತೆಗೆದೆ. ಪರದೆಯಲ್ಲಿ ಯಂತ್ರದ ನಡುವಿನ ಗುರುತು ಒಂದು ಕಡೆ, ದುಂಡಿನ ನಡುವಿನ ತೂತು ಅದರ ಕೆಳಗೆ. ಎರಡರ ನಡುವೆ ಗೆರೆ ಎಳೆದೆ. ಇಪ್ಪತ್ತೆಂಟು ಮಿಲಿಮೀಟರ್. ಸ್ಕೇಲಿನ ಮೇಲೆ ಬೆರಳಿಟ್ಟು ನೋಡಿದೆ. ಇಪ್ಪತ್ತೆಂಟು ಎಂದರೆ ನನ್ನ ಎರಡು ಬೆರಳಿಗಿಂತ ಒಂದು ಉಗುರಿನ ಅಂಚು ಕಡಿಮೆ.

ಪಿಳ್ಳಪ್ಪ ಹೇಳಿದ್ದು ಸರಿ. ಸರ್ವೀಸಿನವರ ತಪ್ಪನ್ನು ಆ ಮನುಷ್ಯ ನಾಲ್ಕು ತಿಂಗಳು ತನ್ನ ಎರಡು ಬೆರಳಲ್ಲಿ ತಡೆದುಕೊಂಡಿದ್ದ. ಆ ಬೆರಳನ್ನು ನಾನು ತೆಗೆಸಿಹಾಕಿದೆ. ಗೋಡೆಯ ಮೇಲಿನ ಹಾಳೆಯನ್ನು ಕಿತ್ತೆ, ಜೊತೆಗೆ ಸುಣ್ಣವೂ ಕಿತ್ತು ಬಂತು. ಲೇಸರ್ ಸರಿಯಾಗುವವರೆಗೆ ಒಬ್ಬರನ್ನೂ ಮಲಗಿಸಬೇಡ, ಯಾರಾದರೂ ಕೇಳಿದರೆ ನಾನು ಹೇಳಿದೆ ಅನ್ನು ಎಂದು ಶಿಲ್ಪಾಗೆ ಹೇಳಿ ಬಂದೆ.

ಆಟೋದಲ್ಲಿ ಕೂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ಜುಲೈ 29, ಶುಕ್ರವಾರ

153/95, ಕೈ ಮೇಜಿನ ಮೇಲೆಯೇ.

ಬೈರಣ್ಣ ಸರ್‌ಗೆ ಎಲ್ಲ ಹೇಳಿದೆ. ಏಳನೇ ಸಾಲಿನ ಟಿಕ್ಕನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

‘ನೋಡಮ್ಮ, ಲೇಸರ್ ಸರಿ ಮಾಡಿಸ್ಕೊಳ್ಳಿ ಅಂತ ಒಂದು ಲೆಟರ್ ಕೊಡೋಣ. ಅವರು ಮಾಡಿಸ್ಕೋತಾರೆ, ವಿಷಯ ಮುಗೀತು. ಟಿಕ್ ವಿಚಾರ ನಿನಗೂ ನನಗೂ ಬಿಟ್ರೆ ಯಾರಿಗ್ ಗೊತ್ತು?’

ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

‘ಪಿಳ್ಳಪ್ಪ ಅವರಿಗೆ ಗೊತ್ತು ಸರ್. ಅಲ್ಲೇ ನಿಂತಿದ್ರು.’

‘ಅವರು ಯಾರಿಗೆ ಹೇಳ್ತಾರೆ?’

‘ಅದೇ ಸರ್ ನನಗೂ ಸಿಟ್ಟು. ಅವರು ಯಾರಿಗೂ ಹೇಳೋ ಹಾಗಿಲ್ಲ.’

ಮಧ್ಯಾಹ್ನ ಕೂತು ಬರೆದೆ. ಜೂನ್ 22ರ ಅಳತೆಯ ರಿಪೋರ್ಟನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಏಳನೇ ಸಾಲು ಸುಳ್ಳು, ಚಿತ್ರ ತೆಗೆದಿರಲಿಲ್ಲ. ಷರಾದಲ್ಲಿ ಅಪಾಯಕಾರಿ ಎಂದು ಬರೆದ ಅಭ್ಯಾಸವೇ ರೋಗಿಗಳನ್ನು ಕಾಪಾಡುತ್ತಿತ್ತು. ಜುಲೈ 4ರಿಂದ ಸ್ಕ್ಯಾನ್ ಆದವರ ಪಟ್ಟಿಯನ್ನು ಡಾಕ್ಟರು ಒಬ್ಬೊಬ್ಬರದಾಗಿ ನೋಡಬೇಕು. ಆಸ್ಪತ್ರೆಗೆ ಒಂದು ಪ್ರತಿ, ವಿಕಿರಣದ ಯಂತ್ರಗಳಿಗೆ ಅನುಮತಿ ಕೊಡುವ ಮುಂಬೈಯ ನಿಯಂತ್ರಣ ಮಂಡಳಿಗೆ ಒಂದು. ಬೈರಣ್ಣ ಸರ್ ತಡೆಯಲಿಲ್ಲ. ‘ಅಲ್ಲಿಂದ ಉತ್ತರ ಬರೋವರೆಗೆ ನಿನ್ನ ಸಹಿ ನಡೆಯಲ್ಲ’ ಎಂದಷ್ಟೇ ಹೇಳಿದರು. ಹದಿಮೂರು ವರ್ಷದಲ್ಲಿ ಮೊದಲ ಸಲ.

ಸಂಜೆ ಅದೇ ಪತ್ರವನ್ನು ಕನ್ನಡದಲ್ಲಿ ಬರೆದೆ. ಇಂಗ್ಲಿಷಿನದಕ್ಕಿಂತ ಎರಡರಷ್ಟು ಹೊತ್ತು ಹಿಡಿಯಿತು.

ಜುಲೈ 31, ಭಾನುವಾರ

ನೋಡಿಕೊಳ್ಳಲಿಲ್ಲ.

ಚಿಕ್ಕಜಾಲಕ್ಕೆ ಹೋಗಿದ್ದೆ. ಏರ್‌ಪೋರ್ಟ್ ರಸ್ತೆಯಲ್ಲಿ ಇಳಿದು ಒಳಗೆ ನಡೆದರೆ ಪಿಳ್ಳಪ್ಪ ಅವರ ಮನೆ. ಅವರು ಇರಲಿಲ್ಲ. ಹೆಂಡತಿ ಮುನಿಕೆಂಪಮ್ಮ ಅವರೆಕಾಳು ಆರಿಸುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಮೊರ ಪಕ್ಕಕ್ಕಿಟ್ಟರು.

‘ಓ, ನೀನೇನಾ ಬರ್ದೋಳು? ಮೂವತ್ತೊಂದು ವರ್ಸ ಆ ಕೆಲ್ಸ ಮಾಡವ್ರೆ. ಒಬ್ರೂ ಬೆಟ್ಟು ಮಾಡಿ ತೋರ್ಸಿಲ್ಲ. ಈಗ ಆಲು ಆಕಕ್ಕೆ ಡೈರಿತಾವ್ ಓದ್ರೆ ಜನ ಕೇಳ್ತಾರೆ, ನಿನ್ ಗಂಡ ಜನಕ್ಕೆಲ್ಲ ಜಾಸ್ತಿ ಕರೆಂಟ್ ಕೊಟ್ಬುಟ್ನಂತೆ ಅಂತ. ಆಯಪ್ಪ ಡೈರಿತಾವ್ ಓಗಾದೇ ಬುಟ್ಬುಟ್ಟ. ಓದ್ದೋಳು ತಾನೇ ನೀನು? ಬರ್ಯಕ್ ಮುಂಚೆ ಒಂದ್ ಮಾತು ಕೇಳಕ್ಕಾಯ್ತಿರ್ಲಿಲ್ವಾ?’

ಇನ್ನೂ ತುಂಬ ಹೇಳಿದರು. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ನಾನು ನಿಂತೇ ಕೇಳಿದೆ. ಉತ್ತರ ಕೊಡಲಿಲ್ಲ. ಬಿಸಿಲಿಗೆ ಸುಸ್ತಾಗಿತ್ತು ಅನಿಸುತ್ತದೆ.

ಪಿಳ್ಳಪ್ಪ ಅವರು ಬಂದು, ‘ಸಾಕ್ ಬುಡು’ ಎಂದು ಹೆಂಡತಿಗೆ ಹೇಳಿ ನನ್ನನ್ನು ಜಗಲಿಯಲ್ಲಿ ಕೂರಿಸಿದರು. ಪತ್ರ ಕೊಟ್ಟೆ. ಅವರು ಗಟ್ಟಿಯಾಗಿ, ನಿಧಾನವಾಗಿ ಓದಿದರು, ಅಕ್ಕಪಕ್ಕದವರಿಗೂ ಕೇಳುವ ಹಾಗೆ. ‘ಶ್ರೀ ಪಿಳ್ಳಪ್ಪ ಬಿನ್ ಮುನಿಆಂಜಿನಪ್ಪ, ಚಿಕ್ಕಜಾಲ’ ಎಂಬಲ್ಲಿ ಒಮ್ಮೆ ನಿಂತು ಮುಂದೆ ಹೋದರು.

‘ಟಿಕ್ ಆಕಿದ್ದು ಸುಳ್ಳು ಅಂತ ನೀವೇ ಬರ್ಕೊಂಡಿದೀರ?’

‘ಹೂಂ.’

‘ನಿಮ್ ಕೆಲ್ಸ ಓದ್ರೆ?’

‘ನಿಮ್ದು ಹೋಯ್ತಲ್ಲ ಅಣ್ಣ.’

ಅವರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಪರವಾಗಿಲ್ಲ ಬಿಡಿ ಎಂದು ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಲೇಸರ್ ಸರಿ ಮಾಡಿದ ಮೇಲೆ ಮತ್ತೆ ಅಳೆಯಬೇಕು, ಆವತ್ತು ನೀವು ಇರಬೇಕು ಎಂದೆ.

‘ಅವ್ರು ಕರುದ್ರೆ ಬತ್ತೀನಿ. ಬೇಡ್ಕೊಂಡ್ ಬರಾಕಿಲ್ಲ’ ಎಂದರು. ಮುನಿಕೆಂಪಮ್ಮ ಕಾಫಿ ತಂದರು. ಲೋಟವನ್ನು ಕುಕ್ಕಿಯೇ ಇಟ್ಟರು.

ಆಗಸ್ಟ್ 5, ಶುಕ್ರವಾರ

146/92.

ಗುರುಚರಣ್‌ಗೆ ನಾಲ್ಕನೇ ಸಲ ಫೋನ್ ಮಾಡಿದೆ. ಲೈಟು ರಿಪೇರಿ ಆಯಿತಂತೆ. ‘ಈಗ ಲೈಟೇ ಸರಿಯಾಯ್ತಲ್ಲ, ಇನ್ನು ಆಯಪ್ಪ ಯಾಕೆ?’ ಎನ್ನುತ್ತಾನೆ! ಅವರನ್ನು ಕರೆಸದಿದ್ದರೆ ನಾನು ದುಂಡು ತರುವುದಿಲ್ಲ, ಪಾಸಿನ ಕಾಗದವಿಲ್ಲದೆ ನೀವು ಯಂತ್ರ ನಡೆಸುವ ಹಾಗಿಲ್ಲ, ಎಷ್ಟು ದಿನ ಮುಚ್ಚಿಡುತ್ತೀರೋ ಮುಚ್ಚಿಡಿ ಎಂದೆ. ನನ್ನ ಕೂಗಿಗೆ ರಾಣಿ ಒಳಗೆ ಬಂದು ಬಾಗಿಲು ಹಾಕಿ ಹೋದಳು. ಅವಳಿಗೆ ಥ್ಯಾಂಕ್ಸ್ ಹೇಳಬೇಕಿತ್ತು.

ಆಗಸ್ಟ್ 10, ಬುಧವಾರ

ಪಿಳ್ಳಪ್ಪ ಅವರನ್ನು ಕರೆದಿದ್ದರು. ಬಂದಿದ್ದರು. ಅದೇ ಇಸ್ತ್ರಿ ಅಂಗಿ.

ನನ್ನ ಸಹಿ ನಡೆಯದ್ದರಿಂದ ಬೈರಣ್ಣ ಸರ್ ಜೊತೆಗೆ ಬಂದರು, ಕಾರಿನಲ್ಲಿ. ದುಂಡು ಹೊತ್ತಿದ್ದು ನಾನೇ. ಕೋಣೆಯಲ್ಲಿ ಸ್ಕ್ಯಾನ್ ನೋಡುವ ಡಾಕ್ಟರು, ಗುರುಚರಣ್, ಶಿಲ್ಪ ಎಲ್ಲರೂ ಇದ್ದರು. ದುಂಡನ್ನು ಹೊಸ ಗೆರೆಗೆ ಸರಿಯಾಗಿ ಕೂಡಿಸಿದೆ. ಪಿಳ್ಳಪ್ಪ ಅವರು ಮುಂದೆ ಬಂದು ಗುಂಡಿ ಒತ್ತಿದರು. ಹಾಸಿಗೆ ಎರಡು ಬೆರಳು ಮೇಲೆದ್ದಿತು.

ಗುರುಚರಣ್ ನನ್ನ ಕಡೆ ನೋಡಿ ನಕ್ಕ, ನೋಡಿದ್ರಾ ಎನ್ನುವಂತೆ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು.

‘ಯಾಕಣ್ಣ ಎತ್ತಿದ್ರಿ?’ ಎಂದು ಕೇಳಿದೆ.

‘ಲೈಟು ಸರಿ ಮಾಡಿದೀವಿ ಅಂತ ಅವ್ರು ಏಳ್ತಾರೆ. ನಾನ್ ನೋಡಿಲ್ಲ. ಇಂಗೊಂದ್ ಫೋಟೋ, ಅಂಗೊಂದ್ ಫೋಟೋ ತಗ್ದ್ರೆ ಗೊತ್ತಾಯ್ತದೆ.’

ತೆಗೆದೆವು. ಎತ್ತಿಟ್ಟಾಗ ದುಂಡು ಇಪ್ಪತ್ತೊಂಬತ್ತು ಮಿಲಿಮೀಟರ್ ಮೇಲೆ. ಗೆರೆಗೆ ಇಳಿಸಿ ತೆಗೆದರೆ ಒಂದೇ ಮಿಲಿಮೀಟರ್. ಪಿಳ್ಳಪ್ಪ ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

‘ಈಗ ನಿಜ ಏಳ್ತದೆ’ ಎಂದರು.

ಮೇಲೆ 12.5, ಕೆಳಗೆ 11.9. ಬೈರಣ್ಣ ಸರ್ ಟಿಕ್ ಹಾಕುತ್ತಾ ಬಂದರು. ಏಳನೇ ಸಾಲಿಗೆ ಬಂದಾಗ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡೆ. ಅಲ್ಲಿ ಪರಿಶೀಲಿಸಿದವರ ಹೆಸರು ಎಂದು ಒಂದು ಜಾಗ ಇದೆ. ಹದಿಮೂರು ವರ್ಷದಿಂದ ಅಲ್ಲಿ ನನ್ನ ಹೆಸರನ್ನೇ ಬರೆದಿದ್ದೇನೆ.

‘ಅಲ್ಲಿ ನಮ್ಮವರೇ ಮಾಡ್ಬೇಕಮ್ಮ ಸಹಿ’ ಎಂದರು ಸರ್.

‘ನನ್ನದು ನಡೆಯಲ್ಲವಲ್ಲ ಸರ್. ನೋಡಿದವರು ಇವರು.’

ಪೆನ್ನು ಕೊಟ್ಟೆ. ಪಿಳ್ಳಪ್ಪ ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು, ಬಿಡಿಬಿಡಿಯಾಗಿ, ಕನ್ನಡದಲ್ಲಿ ಹೆಸರು ಬರೆದರು.

ಗುರುಚರಣ್ ಇಣುಕಿ ನೋಡಿ, ‘ಅಯ್ಯೋ, ಇದು ಮುಂಬೈಗೆ ಹೋಗೋ ಕಾಗದ ಮೇಡಂ. ಅಲ್ಲಿ ಯಾರಿಗೆ ಓದೋಕೆ ಬರುತ್ತೆ?’ ಎಂದ.

ಈ ಎರಡು ತಿಂಗಳಲ್ಲಿ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ‘ಬರದಿದ್ರೆ ಯಾರನ್ನಾದ್ರೂ ಕೇಳಿ ಓದಿಸ್ಕೊಳ್ಲಿ ಬಿಡ್ರೀ’ ಎಂದೆ. ‘ಇವರು ಬಸ್ ಹತ್ಕೊಂಡು ಬಂದು ನನ್ನ ಕೈಲಿ ಓದಿಸ್ಕೊಂಡ್ರಲ್ಲ, ಹಾಗೆ.’

ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಡಾಕ್ಟರು ಗಡಿಯಾರ ನೋಡಿ, ‘ಪಿಳ್ಳಪ್ಪ, ಮೊದಲ್ನೇ ಪೇಷೆಂಟ್ ಕರೀರಿ, ತಡ ಆಯ್ತು’ ಎಂದರು. ಗುರುಚರಣ್ ಏನೋ ಹೇಳಲು ಬಾಯಿ ತೆರೆದವನು ಡಾಕ್ಟರ ಮುಖ ನೋಡಿ ಮುಚ್ಚಿಕೊಂಡ.

ಅರವತ್ತರ ಒಬ್ಬ ಹೆಂಗಸು ಒಳಗೆ ಬಂದರು. ಪಿಳ್ಳಪ್ಪ ಅವರು ಅವರನ್ನು ಮಲಗಿಸಿ, ಸೆರಗು ಸರಿಮಾಡಿ, ಹಾಸಿಗೆಯನ್ನು ಕೆಂಪು ಗೆರೆಗೆ ತಂದರು. ನಾನು ಗಾಜಿನ ಈಚೆ ದುಂಡನ್ನು ಚೀಲಕ್ಕೆ ಹಾಕುತ್ತಾ ನೋಡುತ್ತಿದ್ದೆ. ಅವರ ಎರಡು ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದವು. ಒತ್ತಲಿಲ್ಲ.